ಸೋಲುವುದಕ್ಕೂ ಪೈಪೋಟಿ

ಬೇಕರಿಯ ಮೇಸ್ತ್ರಿಗೆ ಸೋಲು ಹೊಸದಲ್ಲ. ಅವನ ವಾಲಿಬಾಲ್ ತಂಡ ನಾಲ್ಕು ವರ್ಷದಿಂದ ಲೀಗಿನ ಕೊನೆಯ ಸ್ಥಾನವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಊರಿನ ಕೆಲಸಗಾರರೆಲ್ಲ ಸೇರಿ ಕಟ್ಟಿಕೊಂಡ ಲೀಗು ಅದು: ಮುದ್ರಣಾಲಯದವರದೊಂದು ತಂಡ, ಲಾಂಡ್ರಿಯವರದೊಂದು, ಬಸ್ ಡಿಪೋದವರದು, ಆಸ್ಪತ್ರೆಯವರದು, ಬೇಕರಿಯವರದು. ಗಂಡಸರು ಹೆಂಗಸರು ಒಟ್ಟಿಗೇ ಆಡುತ್ತಾರೆ. ಬೇಕರಿಯವರು ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ನಾದುವ ಜನ. ಸಂಜೆ ಪಂದ್ಯದ ಹೊತ್ತಿಗೆ ಅರ್ಧ ತಂಡ ಆಕಳಿಸುತ್ತಿರುತ್ತದೆ. ಚೆಂಡನ್ನು ಎತ್ತುವುದು ಅವರಿಗೆ ಚೆನ್ನಾಗಿ ಬರುತ್ತದೆ, ಹೊಡೆಯುವುದು ಬರುವುದಿಲ್ಲ. ಬಿಸಿ ಬ್ರೆಡ್ಡನ್ನು ಗಿರಾಕಿಯ ಕೈಗಿಡುವಷ್ಟು ಮರ್ಯಾದೆಯಿಂದ ಚೆಂಡನ್ನು ಎದುರಾಳಿಗೆ ಕಳಿಸಿಕೊಡುತ್ತಾರೆ. ಎದುರಾಳಿಗಳು ಅಷ್ಟು ಮರ್ಯಾದಸ್ಥರಲ್ಲ.

ಈ ಲೀಗಿನಲ್ಲಿ ಹೊಸದಾಗಿ ಆಡಲು ಬರುವವರು ತಮಗೆ ಬೇಕಾದ ತಂಡ ಸೇರುವ ಹಾಗಿಲ್ಲ. ಹಾಗೆ ಬಿಟ್ಟರೆ ಎಲ್ಲರೂ ಗೆದ್ದೆತ್ತಿನ ಬಾಲ ಹಿಡಿಯುತ್ತಾರೆ. ಅದಕ್ಕೇ ವರ್ಷಕ್ಕೊಮ್ಮೆ ಐದು ತಂಡದ ನಾಯಕರೂ ಕೂತು, ಒಬ್ಬರಾದ ಮೇಲೆ ಒಬ್ಬರಂತೆ ಹೊಸಬರನ್ನು ಆರಿಸಿಕೊಳ್ಳುತ್ತಾರೆ. ಯಾರ ಸರದಿ ಮೊದಲು ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು. ಈ ವರ್ಷದ ಆಟ ಶುರುವಾಗುವ ಮುಂಚೆ ಮೇಸ್ತ್ರಿ ಸಭೆಯಲ್ಲಿ ಎದ್ದು ನಿಂತು, ಚೀಟಿ ಗೀಟಿ ಬೇಡ, ಕೊನೆಗೆ ಬಂದ ತಂಡಕ್ಕೆ ಎಲ್ಲರಿಗಿಂತ ಮೊದಲೇ ಇಬ್ಬರನ್ನು ಆರಿಸಿಕೊಳ್ಳುವ ಹಕ್ಕು ಕೊಡಿ ಎಂದು ಹಟ ಹಿಡಿದ.

"ಅಂದ್ರೆ ಫೇಲಾದವನಿಗೆ ಪ್ರೈಜು?" ಎಂದ ಮುದ್ರಣಾಲಯದ ಫೋರ್‌ಮನ್. ಅವನ ತಂಡ ಪ್ರತಿವರ್ಷ ಗೆಲ್ಲುವ ತಂಡ.

"ಫೇಲಾದವನಿಗೇ ಅಲ್ವೇನ್ರಿ ಟ್ಯೂಷನ್ ಬೇಕಾಗೋದು? ಹೊಟ್ಟೆ ತುಂಬಿದವರಿಗೆ ಹಸಿದವನ ಕಷ್ಟ ಏನು ಗೊತ್ತು!"

ಲೀಗಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಯಾರಾದರೂ ಬಾಯಿ ದೊಡ್ಡದು ಮಾಡಿದರೆ ಅವರಿಗೆ ಖುಷಿ. ಇಬ್ಬರ ಬಾಯನ್ನೂ ಕಣ್ಣುತುಂಬ ನೋಡಿ, ಒಂದು ವರ್ಷ ಪರೀಕ್ಷೆ ಮಾಡಿ ನೋಡೋಣ ಎಂದರು.

ಮೇಸ್ತ್ರಿಯ ಮನಸ್ಸಿನಲ್ಲಿ ತನ್ನ ಮಗಳ ವಿಚಾರ ಇರಲಿಲ್ಲ ಎಂದರೆ ಅದು ಸುಳ್ಳು. ಮಗಳು ಗುಬ್ಬಿ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಇಟ್ಟ ಹೆಸರು; ಈಗ ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಾಳೆ. ಅವಳು ನೆಗೆದು ಚೆಂಡಿಗೆ ಹೊಡೆದರೆ ಆ ಸದ್ದಿಗೆ ಬೀದಿಯ ನಾಯಿಗಳು ಜಾಗ ಬದಲಾಯಿಸುತ್ತವೆ. ಮುಂದಿನ ವರ್ಷ ಅವಳು ಲೀಗಿಗೆ ಬರುವವಳಿದ್ದಳು. ಮೇಸ್ತ್ರಿಯ ಮೊಣಕಾಲು ಆ ಮುಂದಿನ ವರ್ಷದವರೆಗೆ ಮಾತ್ರ ಬಾಳಿಕೆ ಬರುತ್ತದೆಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಆ ಒಂದು ವರ್ಷ ಮಗಳ ಪಕ್ಕದಲ್ಲಿ ನಿಂತು ಆಡಬೇಕು. ಅವನಿಗೆ ಬೇಕಾಗಿದ್ದು ಇಷ್ಟೇ, ಇದಕ್ಕಿಂತ ಹೆಚ್ಚಿಗೆ ಏನನ್ನೂ ಅವನು ಇತ್ತೀಚೆಗೆ ಬಯಸಿರಲಿಲ್ಲ.

ಕೊನೆಯ ಸ್ಥಾನ ಹೇಗೂ ತನ್ನದೇ ಎಂದು ನಿಶ್ಚಿಂತೆಯಿಂದಿದ್ದವನಿಗೆ ಲಾಂಡ್ರಿಯವರು ಅಡ್ಡ ಬಂದರು. ಅವರ ಹೊಡೆತಗಾರರಿಬ್ಬರು ಊರು ಬಿಟ್ಟಿದ್ದರಿಂದ ಆ ತಂಡವೂ ನೆಲ ಕಚ್ಚಿತ್ತು. ವರ್ಷದ ಕೊನೆಯ ಪಂದ್ಯದ ಹೊತ್ತಿಗೆ ಎರಡೂ ತಂಡಗಳು ಒಂದನ್ನೂ ಗೆದ್ದಿರಲಿಲ್ಲ, ಮತ್ತು ಆ ಕೊನೆಯ ಪಂದ್ಯ ಅವರವರಲ್ಲೇ ಇತ್ತು. ಸೋತವರು ಕೊನೆ. ಕೊನೆಯವರಿಗೆ ಗುಬ್ಬಿ.

ಲಾಂಡ್ರಿ ತಂಡದ ನಾಯಕ ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಪಂದ್ಯದ ಹಿಂದಿನ ದಿನ ಬ್ರೆಡ್ ಕೊಳ್ಳುವ ನೆಪದಲ್ಲಿ ಬೇಕರಿಗೆ ಬಂದು ಕೌಂಟರಿಗೆ ಒರಗಿದ.

"ಗುಬ್ಬಿ ಅಳತೆಗೆ ನಮ್ಮ ತಂಡದ ಅಂಗಿ ಹೊಲಿಯೋಕೆ ಕೊಟ್ಟಾಯ್ತು," ಎಂದ.

"ಕೂಸು ಹುಟ್ಟೋ ಮುಂಚೆ ಕುಲಾವಿ! ನಾಳೆ ಸೋಲೋದು ನಾವು."

"ನೀವು ಸೋಲೋದ್ರಲ್ಲಿ ಗಟ್ಟಿಗರು, ಒಪ್ಪಿದೆ. ಆದ್ರೆ ನಾವೂ ಈ ವರ್ಷ ಸುಮ್ಮನೆ ಕೂತಿಲ್ಲ."

ಮರುದಿನ ಸಂಜೆ ಮೇಸ್ತ್ರಿ ಬೂಟಿನ ದಾರ ಕಟ್ಟುತ್ತಿದ್ದಾಗ ಗುಬ್ಬಿ ಬಂದು ಎದುರಿಗೆ ಕೂತಳು. ಈ ಲೆಕ್ಕಾಚಾರ ಯಾವುದೂ ಅವಳಿಗೆ ತಿಳಿದಿರಲಿಲ್ಲ.

"ಅಪ್ಪಾ, ಇವತ್ತು ಗೆಲ್ಲಬಹುದು ನೀವು. ನಾಲ್ಕು ವರ್ಷದಿಂದ ನೀನು ಸೋಲೋದನ್ನ ನೋಡ್ತಿದೀನಿ. ಲೀಗಿಗೆ ಬರೋ ಮೊದಲು ಒಂದ್ಸಲ ನೀನು ಗೆದ್ದದ್ದು ನೋಡ್ಬೇಕು ನಂಗೆ."

ಮೇಸ್ತ್ರಿ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ.

ಪಂದ್ಯದ ರೆಫರಿ ಮೇಸ್ತ್ರಿಯ ಹೆಂಡತಿ. ಬಸ್ ಕಂಡಕ್ಟರಾದ ಅವಳ ಸೀಟಿಗೆ ಇಡೀ ಊರೇ ನಿಲ್ಲುತ್ತಿತ್ತು, ಮತ್ತು ಒಂದು ಕಡೆ ಗಂಡ, ಇನ್ನೊಂದು ಕಡೆ ಭಾವ ಇರುವುದರಿಂದ ಪಕ್ಷಪಾತದ ಪ್ರಶ್ನೆಯೇ ಇಲ್ಲ, ಇಬ್ಬರ ಮೇಲೂ ಅವಳಿಗೆ ಅಷ್ಟೇ ಸಿಟ್ಟು ಎಂದು ಅಧ್ಯಕ್ಷರು ನೇಮಿಸಿದ್ದರು.

ಸೀಟಿ ಊದಿದಳು. ಮೇಸ್ತ್ರಿ ಮೊದಲ ಸರ್ವನ್ನು ಸೀದಾ ನೆಟ್ಟಿಗೆ ಹೊಡೆದ. ಅಂಕ ಲಾಂಡ್ರಿಗೆ. ಷಡ್ಡಕ ತನ್ನ ಸರ್ವನ್ನು ಮೈದಾನದ ಗೋಡೆಯಾಚೆ ಕಳಿಸಿದ. ಅಂಕ ಬೇಕರಿಗೆ. ಬೇಕರಿಯ ಎರಡನೆಯವನು ನೆಟ್ಟಿಗೆ. ಲಾಂಡ್ರಿಯ ಎರಡನೆಯವಳು ಆಚೆಗೆ. ಒಂದಕ್ಕೊಂದು ಸಮ, ಎರಡಕ್ಕೆರಡು ಸಮ, ಹತ್ತಕ್ಕೆ ಹತ್ತು. ಜನ ಮೊದಲು ನಕ್ಕರು, ಆಮೇಲೆ ಕೂಗಿದರು, ಆಮೇಲೆ ಕಡಲೆಕಾಯಿ ಸಿಪ್ಪೆ ಎಸೆದರು. ಗೆಲ್ಲಲು ಇಪ್ಪತ್ತೈದು ಅಂಕ ಬೇಕು, ಜೊತೆಗೆ ಎರಡರ ಅಂತರ ಇರಬೇಕು. ಎರಡು ಕಡೆಯೂ ಇಷ್ಟು ನಿಷ್ಠೆಯಿಂದ ಸರ್ವ್ ಹಾಳುಮಾಡಿದರೆ ಆ ಅಂತರ ಬರುವುದಾದರೂ ಎಲ್ಲಿಂದ? ಇಪ್ಪತ್ತೈದು ದಾಟಿತು, ಮೂವತ್ತೂ ದಾಟಿತು. ಹೀಗೇ ಬಿಟ್ಟರೆ ಆ ಪಂದ್ಯ ಇವತ್ತಿಗೂ ನಡೆಯುತ್ತಿರುತ್ತಿತ್ತು.

ಮೇಸ್ತ್ರಿ ಒಮ್ಮೆ ಮಾತ್ರ ಜನರ ಕಡೆ ನೋಡಿದ. ಗುಬ್ಬಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳು ಕೂಗುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಅವನಿಗೆ ಮೈಯೆಲ್ಲ ಮುಳ್ಳು ಚುಚ್ಚಿದಂತಾಯಿತು, ಆದರೂ ಇದೆಲ್ಲ ನಿನಗಾಗಿಯೇ ಅಲ್ಲವೇ ಎಂದು ಮನಸ್ಸಿನಲ್ಲೇ ಸಮಾಧಾನ ಹೇಳಿದ. ಅದು ಅವಳಿಗೂ ತಲುಪಲಿಲ್ಲ, ಅವನಿಗೂ ತಲುಪಲಿಲ್ಲ.

ಆಗ ರೆಫರಿ ಉದ್ದಕ್ಕೆ ಸೀಟಿ ಊದಿ, ಎತ್ತರದ ಕುರ್ಚಿಯಿಂದ ಇಳಿದು ಬಂದಳು.

"ನನ್ನೇನು ಗೂಬೆ ಅಂದ್ಕೊಂಡಿದೀರಾ ಇಬ್ರೂ? ಮೂವತ್ತು ವರ್ಷದಿಂದ ಟಿಕೆಟ್ ತಗೊಳ್ಳದವರ ಮುಖ ನೋಡಿದವಳು ನಾನು, ಕಳ್ಳಮುಖ ಗೊತ್ತಾಗಲ್ವಾ? ಅಧ್ಯಕ್ಷರೇ, ಇನ್ನು ಒಂದೇ ಅಂಕ. ಅದನ್ನ ಯಾರು ಗೆಲ್ತಾರೋ ಅವರದೇ ಪಂದ್ಯ. ಇನ್ನೊಂದು ಸರ್ವ್ ಹಾಳಾದ್ರೆ ಎರಡೂ ತಂಡನ ಲೀಗಿಂದ ಕಿತ್ತು ಹಾಕಿ!"

ಅಧ್ಯಕ್ಷರು ಅಷ್ಟು ಹೊತ್ತಿನಿಂದ ಆಕಳಿಸುವವರ ಹಲ್ಲು ಎಣಿಸುತ್ತಿದ್ದರು. ಆಗಲಿ ಎಂದು ತಲೆಯಾಡಿಸಿದರು.

ಷಡ್ಡಕ ಬೇರೆ ದಾರಿಯಿಲ್ಲದೆ ಮೆತ್ತಗೆ ಸರ್ವ್ ಮಾಡಿದ. ಮೇಸ್ತ್ರಿಯ ಲೆಕ್ಕ ಸುಲಭದ್ದು: ಚೆಂಡನ್ನು ಬೀಳಲು ಬಿಟ್ಟರಾಯಿತು. "ಯಾರೂ ಮುಟ್ಟಬೇಡಿ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

ಆದರೆ ಬೇಕರಿಯಲ್ಲಿ ಕೈಯಿಂದ ಏನಾದರೂ ಜಾರಿ ಬಿದ್ದರೆ ಅದಕ್ಕಿಂತ ದೊಡ್ಡ ಪಾಪವಿಲ್ಲ. ಟ್ರೇ ವಾಲಿದರೆ ಹತ್ತು ಕೈ ಒಟ್ಟಿಗೆ ಚಾಚುತ್ತವೆ. ಹಾಗೆ ಚಾಚಲು ಕಲಿಸಿದವನು ಮೇಸ್ತ್ರಿಯೇ. ಚೆಂಡು ನೆಲಕ್ಕೆ ಗೇಣು ದೂರ ಇದ್ದಾಗ ಕೇಕಿಗೆ ಹೂವು ಬಿಡಿಸುವ ಹೆಂಗಸು ತನಗರಿವಿಲ್ಲದೆ ಕೆಳಗೆ ಕೈಕೊಟ್ಟು ಎತ್ತಿಬಿಟ್ಟಳು.

"ಬಿಡಮ್ಮಾ ಅಂದ್ರೆ!" ಎಂದ ಮೇಸ್ತ್ರಿ.

"ಬಿಟ್ಟೆ ಸಾರ್, ಕೈ ಬಿಡಲಿಲ್ಲ!"

ಚೆಂಡು ಆಚೆ ಹೋಯಿತು. ಈಗ ಲಾಂಡ್ರಿಯವರ ಪಾಡು. ಒಗೆದು ಇಸ್ತ್ರಿ ಮಾಡಿದ ಬಿಳಿ ಹಾಸಿಗೆ ಬಟ್ಟೆ ನೆಲಕ್ಕೆ ತಾಗಿದರೆ ಮತ್ತೆ ಮೊದಲಿನಿಂದ ಒಗೆಯಬೇಕಾದವರು ಅವರು. ಬಿಡಿ ಬಿಡಿ ಎಂದು ಷಡ್ಡಕ ಅರಚುತ್ತಿದ್ದಂತೆಯೇ ಇಸ್ತ್ರಿಯವನು ಅಡ್ಡಬಿದ್ದು ಎತ್ತಿದ. ಮತ್ತೆ ಈಚೆ. ಈ ಬಾರಿ ಚೆಂಡು ಬಂದದ್ದು ಮೇಸ್ತ್ರಿಯ ಹತ್ತಿರ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕೊನೆಯ ಗಳಿಗೆಯಲ್ಲಿ ಅವು ಮುಂದೆ ಬಂದವು.

ಅಲ್ಲಿಂದ ಮುಂದೆ ನಡೆದದ್ದನ್ನು ಆ ಊರಿನವರು ಇನ್ನೂ ಹೇಳುತ್ತಾರೆ. ಚೆಂಡು ಆಚೆ, ಈಚೆ, ಆಚೆ. ಕಡಲೆಕಾಯಿ ಎಸೆಯುತ್ತಿದ್ದವರ ಕೈ ನಿಂತಿತು, ಆಕಳಿಕೆ ನಿಂತಿತು. ಬಿಡಿ ಎಂದು ಕೂಗುತ್ತಿದ್ದ ನಾಯಕರಿಬ್ಬರೂ ಯಾವಾಗಲೋ "ಹಿಡಿ! ಹಿಡಿ!" ಎಂದು ಕೂಗತೊಡಗಿದ್ದರು. ಗುಬ್ಬಿಯನ್ನು, ಸರದಿಯನ್ನು, ಮೊಣಕಾಲನ್ನು ಮೇಸ್ತ್ರಿ ಮರೆತೇಬಿಟ್ಟ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ಆಟ ಆಟದ ಹಾಗೆ ರುಚಿಸುತ್ತಿತ್ತು. ಚೆಂಡು ನೆಟ್ಟಿನ ಮೇಲೆ ಎತ್ತರಕ್ಕೆ ನಿಂತಂತೆ ಕಂಡಿತು. "ಅಪ್ಪಾ!" ಎಂದು ಮುಂದಿನ ಸಾಲಿನಿಂದ ಯಾರೋ ಚೀರಿದರು. ಮೇಸ್ತ್ರಿ ಹಾರಿದ, ಬಲವೆಲ್ಲ ಒಟ್ಟುಮಾಡಿ ಹೊಡೆದ. ಷಡ್ಡಕ ನಿಜವಾಗಿಯೂ, ಮನಸಾರೆ, ಅದನ್ನು ಎತ್ತಲು ನೆಗೆದು ಬಿದ್ದ. ಚೆಂಡು ಅವನ ಬೆರಳಿನ ಪಕ್ಕದಲ್ಲೇ ನೆಲಕ್ಕೆ ಬಡಿಯಿತು.

ಬೇಕರಿಯವರು ಮೇಸ್ತ್ರಿಯನ್ನು ಎತ್ತಿ ಕುಣಿದರು. ಅವನೂ ಮೇಲಿನಿಂದಲೇ ಕುಣಿದ. ಕೆಳಗಿಳಿದ ಮೇಲೆ ನೋಡುತ್ತಾನೆ, ಷಡ್ಡಕ ಮಣ್ಣಲ್ಲಿ ಅಂಗಾತ ಮಲಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಗೆದ್ದುಬಿಟ್ಯಲ್ಲೋ ಮಾರಾಯಾ! ಮಗಳನ್ನ ಕೊಟ್ಟುಬಿಟ್ಯಲ್ಲೋ!"

ಮೇಸ್ತ್ರಿಗೆ ಆಗಲೇ ಲೆಕ್ಕ ನೆನಪಾಯಿತು. ಅಷ್ಟರಲ್ಲಿ ಗುಬ್ಬಿ ಓಡಿ ಬಂದು ಅವನನ್ನು ತಬ್ಬಿಕೊಂಡಳು. ದೊಡ್ಡಪ್ಪನ ಮಾತು ಕೇಳಿ ಅವಳಿಗೆ ಎಲ್ಲ ಅರ್ಥವಾಗಿತ್ತು. "ನಂಗೋಸ್ಕರ ಸೋಲ್ತಿದ್ಯಾ? ಥೂ, ಪೆದ್ದಪ್ಪ," ಎಂದಳು, ಆದರೆ ಕೈ ಸಡಿಲಿಸಲಿಲ್ಲ.

ಆಯ್ಕೆಯ ದಿನ ಅಧ್ಯಕ್ಷರ ದವಾಖಾನೆಯಲ್ಲೇ ಸಭೆ. ಹಲ್ಲು ಕೀಳುವ ಕುರ್ಚಿಯನ್ನು ಬಿಟ್ಟು ಉಳಿದ ಕುರ್ಚಿಗಳಲ್ಲಿ ನಾಯಕರು ಕೂತರು; ಹೊಸಬರು ಗೋಡೆಗೆ ಒರಗಿ ನಿಂತಿದ್ದರು. ಫೋರ್‌ಮನ್ ಮೊದಲೇ ಎದ್ದ.

"ನೋಡಿದ್ರಲ್ಲ ಸ್ವಾಮಿ ನಿಮ್ಮ ಪರೀಕ್ಷೆಯ ಫಲ! ಸೋಲೋಕೆ ಕಿತ್ತಾಡ್ತಾರೆ ಜನ. ಈ ನಿಯಮ ಇವತ್ತೇ ತೆಗೀರಿ, ಮೊದಲಿನ ಹಾಗೆ ಚೀಟಿ ಎತ್ತೋಣ."

ಬಸ್ ಡಿಪೋದ ಮೆಕ್ಯಾನಿಕ್ ಅದೇ ಸರಿ ಎಂದ. ಆಸ್ಪತ್ರೆಯ ನರ್ಸಮ್ಮ, ಗಾಯ ಆದವನಿಗೆ ಮುಲಾಮು ಹಚ್ಚಬೇಡಿ ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ, ನಿಯಮ ಇರಲಿ ಎಂದಳು. ಷಡ್ಡಕ ಇರಲಿ ಎನ್ನದೆ ಇನ್ನೇನು ಅಂದಾನು? ಎರಡಕ್ಕೆ ಎರಡು. ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು.

ಫೋರ್‌ಮನ್ ಅವನ ಕಿವಿಯ ಹತ್ತಿರ ಬಗ್ಗಿದ. "ತೆಗೀರಿ ಅನ್ನಿ ಸಾಕು. ಚೀಟೀಲಿ ಮೊದಲ ಸರದಿ ನಿಮಗೇ ಬಂದ್ರೂ ಬರಬಹುದು. ಮಗಳು ಮನೇಲೇ ಉಳೀತಾಳೆ."

ಮೇಸ್ತ್ರಿ ಗುಬ್ಬಿಯನ್ನು ನೋಡಿದ. ಅವಳು ಬಿಟ್ಟಗಣ್ಣಿಂದ ಅವನನ್ನೇ ನೋಡುತ್ತಿದ್ದಳು. ಬೇಕು ಎಂದು ಒಳಗಿನಿಂದ ಒಂದು ಆಸೆ ಒತ್ತಿ ಬಂತು.

"ಬೇಡ, ನಿಯಮ ಇರಲಿ," ಎಂದ. "ಕೊನೇಲಿ ನಿಂತಾಗ ಇದನ್ನ ಕೇಳಿದವನು ನಾನು. ಈಗ ಒಂದು ಮೆಟ್ಟಿಲು ಮೇಲಿದೀನಿ ಅಂತ ಹತ್ತಿದ ಏಣಿ ಒದೆಯಲಾ? ಲಾಂಡ್ರಿಯವರಿಗೆ ಹೊಡೆಯೋರು ಯಾರೂ ಇಲ್ಲ, ಅವರು ಕೊನೇಲಿದಾರೆ. ನ್ಯಾಯ ಅಂದ್ರೆ ನ್ಯಾಯ. ಬೇಕಾದ್ರೆ ಮುಂದಿನ ವರ್ಷದಿಂದ ಕೊನೆಯ ಎರಡು ತಂಡದ ನಡುವೆ ಚೀಟಿ ಹಾಕಿ, ಆಗ ಸೋಲೋಕೆ ಯಾರೂ ಹೆಣಗಲ್ಲ. ಈ ವರ್ಷ ಅವರದು."

ಷಡ್ಡಕ ಎದ್ದು ನಿಂತು, ಯಾವ ತಮಾಷೆಯನ್ನೂ ಮಾಡದೆ, "ನಮ್ಮ ಮೊದಲ ಆಯ್ಕೆ ಗುಬ್ಬಿ," ಎಂದ. ಹಾಗೆ ಹೇಳುವಾಗ ಅವನು ಮೇಸ್ತ್ರಿಯ ಮುಖ ನೋಡಲಿಲ್ಲ. ಮೇಸ್ತ್ರಿಯೇ ಮೊದಲು ಚಪ್ಪಾಳೆ ತಟ್ಟಿದ, ಕಣ್ಣು ಒರೆಸಿಕೊಳ್ಳುವ ಕೆಲಸವನ್ನು ಆಮೇಲಕ್ಕೆ ಇಟ್ಟುಕೊಂಡ.

ಹೊಸ ವರ್ಷದ ಮೊದಲ ಪಂದ್ಯ ಬೇಕರಿಗೂ ಲಾಂಡ್ರಿಗೂ ಬಿತ್ತು. ಮೇಸ್ತ್ರಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ನೆಟ್ಟಿನ ಹತ್ತಿರ ನಿಂತ. ಆಚೆ ಕಡೆ, ಎರಡು ಮಾರು ದೂರದಲ್ಲಿ, ಗುಬ್ಬಿ. ಅವಳ ಹುಬ್ಬು ಗಂಟಿಕ್ಕಿತ್ತು, ನಾಲಗೆಯ ತುದಿ ತುಟಿಯ ಮೂಲೆಯಲ್ಲಿತ್ತು. ಮಗಳು ಆಡುವಾಗ ಹೀಗೆ ಕಾಣುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ನಿಂತು ಆಡಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ.

ಚೆಂಡು ಮೇಲೇರಿತು. ಗುಬ್ಬಿ ಹಾರಿದಳು. ಮೇಸ್ತ್ರಿ ಬಾಯಿ ತೆರೆದು ಅವಳನ್ನೇ ನೋಡುತ್ತ ನಿಂತ, ಚೆಂಡು ಅವನ ಕಾಲ ಬುಡದಲ್ಲೇ ಬಿದ್ದು ಸಿಡಿದು ಹೋಯಿತು. ಸೀಟಿ ಕೇಳಿತು. ಹಿಂದಿನಿಂದ ಅವನ ತಂಡವೆಲ್ಲ ಒಟ್ಟಿಗೆ ಬೈಯತೊಡಗಿತು.

"ಬೈಯೋದು ಆಮೇಲೆ ಬೈಯಿರಿ," ಎಂದ ಮೇಸ್ತ್ರಿ ಹಿಂದಕ್ಕೆ ತಿರುಗದೆ. "ಹೆಂಗೆ ಹೊಡೆದ್ಲು, ನೋಡಿದ್ರಾ?"