ಆನೆಯ ಕಿವಿಯ ಹಿಂದೆ

ಮಾವುತನ ಕಾಲು ಆನೆಗೆ ಎಲ್ಲವನ್ನೂ ಹೇಳುತ್ತದೆ. ಕಿವಿಯ ಹಿಂದೆ ಹೆಬ್ಬೆರಳು ಒತ್ತಿದರೆ ಅದು ನಡೆಯುತ್ತದೆ, ಸಡಿಲಿಸಿದರೆ ನಿಲ್ಲುತ್ತದೆ. ಬಾಯಿ ತೆರೆಯಬೇಕಾಗಿಲ್ಲ. ಭಯವೂ ಅದೇ: ಮಾವುತ ಒಳಗೇ ನುಂಗಿದ ಸಿಟ್ಟೂ ಆ ಕಾಲಿನಿಂದಲೇ ಆನೆಗೆ ತಿಳಿಯುತ್ತದೆ. ಕಳೆದ ಬೇಸಿಗೆಯಲ್ಲಿ ಮಾವುತ ದೊಡ್ಡಮಾದಯ್ಯನನ್ನು ಯಾರೋ ಬೈದಿದ್ದರು. ಅವನು ಹಲ್ಲು ಕಚ್ಚಿ ಸುಮ್ಮನೆ ಕುಳಿತಿದ್ದ. ಆನೆ ಸುಮ್ಮನಿರಲಿಲ್ಲ. ಬೈದವನನ್ನು ಚಾಪೆಯಲ್ಲಿ ಸುತ್ತಿ ಒಯ್ದರು.

ಆ ಚಾಪೆಯನ್ನು ಕೇತ ಮರೆತಿರಲಿಲ್ಲ. ಎಚ್.ಡಿ. ಕೋಟೆಯ ಕಾಡಂಚಿನ ಗಿರಿಜನ ಹಾಡಿಯ ಮಾವುತ ಅವನು. ಯೇಸುವನ್ನು ನಂಬಿದ ಮೇಲೂ ಅಜ್ಜ ಇಟ್ಟ ಹೆಸರನ್ನು ಬಿಟ್ಟಿರಲಿಲ್ಲ. ಭೂಮಿ ಕೊನೆಗೆ ಸಿಗುವುದು ಸಾಧು ಸ್ವಭಾವದವರಿಗೇ ಎಂದು ಪಾದ್ರಿಗಳು ಹೇಳಿದ್ದನ್ನು ಅವನು ಬಂದು ಹೇಳಿದಾಗ ಹಾಡಿಯವರು ನಕ್ಕಿದ್ದರು. "ಇದ್ದ ಭೂಮೀನೇ ಬುಡಿಸವ್ರೆ. ಇನ್ನೂ ಸಾಧು ಆದ್ರೆ ಗುಡ್ಸಲೂ ಓಯ್ತದೆ ಕಣ್ಲಾ."

ಆ ವಾರ ಗಾವಡಗೆರೆಯ ಕಡೆ ಕಾಡಾನೆಗಳು ಇಳಿದಿದ್ದವು. ಅವನ್ನು ಅಟ್ಟಲು ಕೇತ ತನ್ನ ಸಾಕಾನೆ ಕಪಿಲನ ಮೇಲೆ ಹೋದ. ಅಷ್ಟರಲ್ಲಿ ಅಲ್ಲಿನ ರೈತ ಬಸವಪ್ರಸಾದನ ಹೊಗೆಸೊಪ್ಪಿನ ಹೊಲ ತುಳಿದು ಮಣ್ಣಾಗಿತ್ತು. ತಡವಾಗಿ ಬಂದನೆಂದು ಅವನು ಕೇತನ ಹೆತ್ತವಳನ್ನೂ ಎಳೆದು ಬೈದ; ಸಿಟ್ಟು ತಾಳದೆ ಬಿದಿರ ಗಳ ಬೀಸಿದ. ಏಟು ಕೇತನ ಮೊಣಕಾಲಿಗೆ ಬಿತ್ತು.

ಕಪಿಲನ ಕಿವಿಗಳು ಬೀಸುವುದನ್ನು ನಿಲ್ಲಿಸಿದವು. ಏರಿ ಹೋಗುವ ಮೊದಲು ಆನೆ ಹಾಗೆಯೇ ಕಿವಿ ನಿಲ್ಲಿಸುವುದು.

ಕೇತ ಕಾಲನ್ನು ಅರಳೆಯಂತೆ ಸಡಿಲ ಬಿಟ್ಟು ಕೈಮುಗಿದ. "ತಪ್ಪಾಯ್ತು ಬುದ್ಧಿ. ಇಂದಕ್ಕೋಗಿ." ಸುತ್ತ ನಿಂತವರು ಹೇಡಿ ಎಂದು ನಕ್ಕರು.

ಸಂಜೆ ಆನೆ ಬಿಡಾರದಲ್ಲಿ ಕಪಿಲ ಮುದ್ದೆ ಮುಟ್ಟಲಿಲ್ಲ. ಆ ಹೊಲದ ಕಡೆಗೇ ಸೊಂಡಿಲೆತ್ತಿ ಗಾಳಿ ಮೂಸುತ್ತಿತ್ತು. ಊದಿದ ಕಾಲಿಗೆ ಸೊಪ್ಪು ಕಟ್ಟುತ್ತಿದ್ದ ಹೆಂಡತಿ ರಂಗಿ ಅದನ್ನು ನೋಡಿ ಹೇಳಿದಳು: "ಕಾಲು ಸಡ್ಲ ಬುಟ್ಟಿದ್ದೀಯ, ಎದೆ ಬುಟ್ಟಿಲ್ಲ. ಆನೆಗೆ ಗೊತ್ತು ಕಣ."

ಕೇತ ಪ್ರಾರ್ಥನೆಗೆ ಕುಳಿತ. ಎಲ್ಲರ ಹೆಸರೂ ಬಂತು. ಬಸವಪ್ರಸಾದನ ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

ಮರುದಿನ ಕಾಡಾನೆ ಅಟ್ಟಲು ಮತ್ತೆ ಅದೇ ಹೊಲ. ಬಸವಪ್ರಸಾದ ಸಿಟ್ಟಿಳಿದು ಬಾಳೆಹಣ್ಣಿನ ಚಿಪ್ಪು ಹಿಡಿದು ನಗುತ್ತಾ ಬಂದ. ಸಾಧು ಪ್ರಾಣಿ, ಅದರದ್ದೇನು ತಪ್ಪು ಎನ್ನುತ್ತಾ ಹತ್ತಿರಕ್ಕೇ ಬಂದ. ಕೇತ ಬೇಡವೆಂದ. ಅವನು ಕೇಳಲಿಲ್ಲ.

ಕಿವಿಗಳು ನಿಂತವು. ಸೊಂಡಿಲು ಹಣ್ಣನ್ನು ದಾಟಿ ಹೋಗಿ ಅವನ ಕುತ್ತಿಗೆಯ ಮೇಲೆ ಕುಳಿತಿತು.

ಈಗ ಕಾಲನ್ನು ಸಡಿಲ ಬಿಟ್ಟು ಫಲವಿರಲಿಲ್ಲ. ಮೊಣಕಾಲು ಮಿಡಿಯುತ್ತಿತ್ತು. ಮೇಲಿನಿಂದ ಕೇತನಿಗೆ ಕಂಡದ್ದು ಆ ಮನುಷ್ಯನ ಬಗ್ಗಿದ ಹಿಂಗತ್ತು ಮಾತ್ರ. ಬಿಸಿಲಿಗೆ ಸುಟ್ಟು ಕಪ್ಪಾದ, ಎಲ್ಲರಿಗೂ ಇರುವಂಥದೇ ತೆಳ್ಳನೆಯ ಕತ್ತು. ದೇವರೇ, ಬಸವಪ್ರಸಾದನನ್ನು ಕಾಯಪ್ಪಾ ಎಂದ. ಹೆಸರು ಹೇಗೆ ಬಂತೋ, ಬಂತು.

ಸೊಂಡಿಲು ಇನ್ನೂ ಕೊಂಚ ಹೊತ್ತು ಅಲ್ಲೇ ಇತ್ತು. ಆಮೇಲೆ ಮೆಲ್ಲಗೆ ಜಾರಿ ಹಣ್ಣಿನ ಚಿಪ್ಪನ್ನು ಎತ್ತಿಕೊಂಡಿತು.

"ನೋಡ್ದೇನ್ಲಾ," ಬಸವಪ್ರಸಾದ ಕತ್ತು ಸವರಿಕೊಂಡು ನಕ್ಕ, "ಆಶೀರ್ವಾದ ಮಾಡ್ತು."

ಕೇತ ಕಪಿಲನ ಕಿವಿಗಳು ಮತ್ತೆ ಬೀಸುವುದನ್ನೇ ಕಾಯುತ್ತಾ ಕುಳಿತ.