ಕೆಂಪು ಮುಳ್ಳು

ಡಯಲಿನ ಗಾಜಿನ ಮೇಲೆ ಒಂದು ನೊಣ, ಮೂರು ಟನ್ನಿನಿಂದ ನಾಲ್ಕಕ್ಕೆ ನಡೆದುಕೊಂಡು ಹೋಗುತ್ತಿದೆ, ಯಾರ ಅಪ್ಪಣೆಯೂ ಇಲ್ಲದೆ, ಹೋಗಲಿ, ಓಡಿಸಲು ಕೈ ಏಳುತ್ತಿಲ್ಲ — ಕೈಗೇನೂ ಆಗಿಲ್ಲ, ಹೋಗಿದ್ದು ಭಾವನ ಕಾಲು, ಎಡಗಾಲು, ಮೊಣಕಾಲಿನ ಕೆಳಗೆ, ಇವತ್ತಿಗೆ ಒಂಬತ್ತು ದಿನ. ಅವತ್ತಿನಿಂದ ಈ ಸರಪಳಿ ಪರೀಕ್ಷಾ ಕೋಣೆಗೆ ಬೀಗ, ಇವತ್ತೇ ತೆಗೆದಿದ್ದು, ಹತ್ತೂವರೆಗೆ ತನಿಖೆಯವರು ಬರುತ್ತಾರಂತೆ. ಸೂಪರ್‌ವೈಸರ್ ಹೆಗಲ ಮೇಲೆ ಕೈ ಹಾಕಿ ಪಾಠ ಹೇಳಿಕೊಟ್ಟಾಗಿದೆ, ನೀನು ಬಾಯಿ ಬಿಡಬೇಡ, ಸರಪಳಿ ಸರಿಯಾಗೇ ಇತ್ತು, ಕೊಕ್ಕೆ ಹಾಕಿದವನೇ ಭಾರ ಜಾಸ್ತಿ ಹಾಕಿದ ಅಂತ ನಾನು ಹೇಳ್ತೀನಿ, ನೀನು ತಲೆ ಆಡಿಸು ಸಾಕು. ಕೊಕ್ಕೆ ಹಾಕಿದವನು ಅಂದರೆ ಭಾವ, ನನ್ನ ಅಕ್ಕನ ಗಂಡ, ಅದು ಅವರಿಗೂ ಗೊತ್ತು. ತಲೆ ಆಡಿಸಲು ಎಷ್ಟು ಬಲ ಬೇಕು, ಏನೂ ಬೇಡ, ತಲೆ ತನ್ನ ಭಾರಕ್ಕೇ ಬಾಗುತ್ತದೆ. ಬಲ ಕಣ್ಣಿಗೆ ಕಾಣಲ್ಲ ಕಣ್ರೋ, ಅದು ಮಾಡಿದ ಕೆಲಸ ಕಾಣುತ್ತೆ, ಅನ್ನುತ್ತಿದ್ದರು ವಿಜ್ಞಾನದ ಮೇಷ್ಟ್ರು, ಹಗ್ಗದ ಎರಡು ತುದಿಗೆ ಇಬ್ಬರನ್ನು ನಿಲ್ಲಿಸಿ ಎಳೀರೋ ಅಂದರು, ನಡುವೆ ಕಟ್ಟಿದ ಕರವಸ್ತ್ರ ಅಲ್ಲಾಡಲಿಲ್ಲ, ಈಗ ಇದರ ಮೇಲೆ ಬಲ ಇದೆಯೋ ಇಲ್ಲವೋ, ಇಲ್ಲ ಸಾರ್ ಅಂದೆ ನಾನು, ಇದೆ ಕಣೋ ಪೆದ್ದ, ಎರಡೂ ಕಡೆ ಸಮ ಇದೆ, ಅದಕ್ಕೇ ನಿಂತಿದೆ. ಒಂಬತ್ತು ದಿನದಿಂದ ನಾನು ಆ ಕರವಸ್ತ್ರ. ಅಳು ಬಂದಿಲ್ಲ, ಹಸಿವೂ ಇಲ್ಲ, ಸಾಬೂನು ಹಾಕಿ ಕೈ ತೊಳೆದು ನೀರು ನಿಲ್ಲಿಸಲು ಮರೆತಿದ್ದೆ ನಿನ್ನೆ, ಬಕೆಟ್ ತುಂಬಿ ಹರಿಯುತ್ತಿತ್ತು, ನೋಡುತ್ತಾ ನಿಂತಿದ್ದೆ.

ಅವತ್ತು ಬೆಳಗ್ಗೆ ಎರಡು ಸರಪಳಿ. ಆರು ಟನ್ ಎತ್ತುವಂಥವು, ಹನ್ನೆರಡರವರೆಗೆ ಎಳೆದು ನೋಡಬೇಕು, ಹರಿಯುವುದಿದ್ದರೆ ಇಲ್ಲೇ, ಈ ಜಾಲರಿಯ ಹಿಂದೆ ಹರಿಯಲಿ ಅಂತ. ಡಯಲಿನಲ್ಲಿ ಎರಡು ಮುಳ್ಳು, ಎಳೆತ ಏರಿದ ಹಾಗೆ ಕರಿ ಮುಳ್ಳು ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಕೆಂಪು ಮುಳ್ಳಿಗೆ ಸ್ವಂತ ಬುದ್ಧಿ ಇಲ್ಲ, ಕರಿಯದು ತಳ್ಳಿದಷ್ಟು ಹೋಗಿ ಅಲ್ಲೇ ನಿಲ್ಲುತ್ತದೆ, ತಿರುಪು ತಿರುಗಿಸಿ ಕೈಯಾರೆ ಸೊನ್ನೆಗೆ ತರಬೇಕು, ಹದಿನಾಲ್ಕು ವರ್ಷದಿಂದ ತರುತ್ತಿದ್ದೇನೆ, ನಿದ್ದೆಯಲ್ಲೂ ತರಬಲ್ಲೆ. ಮೊದಲನೆಯದು ಹನ್ನೆರಡು ಮುಟ್ಟಿತು, ಇಳಿಸಿದೆ, ಎರಡನೆಯದನ್ನು ಸಿಕ್ಕಿಸುವಾಗ ಭಾವ ಬಂದ, ಏನು ಪ್ರೊಫೆಸರ್, ಪಾಸೋ ಫೇಲೋ — ನನ್ನನ್ನು ಹಾಗೇ ಕರೆಯುವುದು ಅವನು, ಮದುವೆಯ ದಿನವೇ ನಾನು ತಳ್ಳುಗಾಡಿ ತಳ್ಳಲು ಎಷ್ಟು ಬಲ ಬೇಕು ಅಂತ ಭಾಷಣ ಬಿಗಿದಿದ್ದಕ್ಕೆ — ನಿಮ್ಮಕ್ಕ ಹೊಸ ಚಪ್ಪಲಿ ಕೊಡಿಸಿದ್ದಾಳೆ ನೋಡು, ಕಚ್ಚುತ್ತೆ, ಅವಳೂ ಕಚ್ತಾಳೆ ಚಪ್ಪಲಿಯೂ ಕಚ್ಚುತ್ತೆ, ನಾನು ನಕ್ಕೆ, ಸರಪಳಿ ಎಳೆಯುವ ಪಂಪು ಓಡುತ್ತಿತ್ತು, ನಗುತ್ತಲೇ ತಲೆ ಎತ್ತಿದೆ, ಕೆಂಪು ಮುಳ್ಳು ಹನ್ನೆರಡರಲ್ಲಿತ್ತು, ಆಯ್ತು ಅಂತ ಪಂಪು ನಿಲ್ಲಿಸಿದೆ. ಪಾಸ್ ಭಾವ. ಸರಪಳಿಯ ಬಿಲ್ಲೆಗೆ ಪಾಸಿನ ಮುದ್ರೆ ಒತ್ತಿ ಅವನ ಕೈಗೇ ಕೊಟ್ಟೆ. ಕರಿ ಮುಳ್ಳು ನಾಲ್ಕರಲ್ಲಿತ್ತು. ಕಣ್ಣು ಅದನ್ನೂ ನೋಡಿತ್ತು, ನೋಡಿದ್ದು ನನಗೆ ಗೊತ್ತಾಗಿದ್ದು ಮಧ್ಯಾಹ್ನ, ಅಂಗಳದಿಂದ ಸರಪಳಿ ಹರಿದ ಆ ಸದ್ದು ಬಂದಾಗ. ಎತ್ತಿದ್ದು ಐದೇ ಟನ್. ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಅವನ ಒಂದು ಚಪ್ಪಲಿ ಮಡಿಲಲ್ಲಿಟ್ಟುಕೊಂಡು, ಯಾವತ್ತೂ ಭಾರದ ಹತ್ತಿರ ನಿಲ್ಲದವರು ಕಣೋ, ನನ್ನ ಭಾಮೈದ ನೋಡಿದ ಸರಪಳಿ ಅಂತ ನಿಂತರಂತೆ, ಅಂದಳು. ಬೈಯುತ್ತಿರಲಿಲ್ಲ ಅವಳು, ಟೀ ಕುಡಿದೆಯಾ ಅಂತಲೂ ಕೇಳಿದಳು.

ಬಂದರು. ತನಿಖೆಯ ಮೇಡಂ ಒಬ್ಬರೇ, ಕನ್ನಡಕ ಒರೆಸಿಕೊಂಡು ಡಯಲಿನ ಹತ್ತಿರ ಬಗ್ಗುತ್ತಾರೆ, ನೊಣ ಹಾರಿಹೋಯಿತು, ಸೂಪರ್‌ವೈಸರ್ ಹೇಳುತ್ತಲೇ ಇದ್ದಾರೆ, ಭಾರ ಜಾಸ್ತಿ ಮೇಡಂ, ಆತನದೇ ಅವಸರ, ಬೇಕಾದರೆ ಇವನನ್ನೇ ಕೇಳಿ, ಅವರ ಕೈ ಮತ್ತೆ ನನ್ನ ಹೆಗಲ ಮೇಲಿದೆ, ನನ್ನ ಕತ್ತು ಬಾಗುವುದರಲ್ಲಿದೆ. ಇದೇನು, ಖಾಲಿ ಮೆಷಿನ್ನು ಹನ್ನೆರಡು ಟನ್ ತೋರಿಸ್ತಿದೆ? ಅದು ಹಿಂದಿನದು ಮೇಡಂ, ಹಾಗೇ ನಿಂತಿರುತ್ತೆ, ಅಂದರು ಸೂಪರ್‌ವೈಸರ್. ಹಿಂದಿನದು ಅಂದ್ರೆ ಯಾವ ಸರಪಳಿಯದು? ಮೇಡಂ ಕೇಳಿದ್ದು ನನ್ನನ್ನು, ಹಗ್ಗದ ಒಂದು ತುದಿಯನ್ನು ಯಾರೋ ಬಿಟ್ಟಂತಾಯಿತು, ನನ್ನ ಬಾಯಿಯೇ ಅಂತ ಕಾಣುತ್ತದೆ, ಹೇಳುತ್ತಿದೆ, ಮೊದಲನೆಯದರದು, ಎರಡನೆಯದನ್ನು ನಾನು ನಾಲ್ಕಕ್ಕೇ ನಿಲ್ಲಿಸಿದೆ, ಭಾವನದೇನೂ ತಪ್ಪಿಲ್ಲ, ಮುಳ್ಳನ್ನು ನಾನು ಹಿಂದಕ್ಕೆ ತಂದಿರಲಿಲ್ಲ — ಸೂಪರ್‌ವೈಸರ್ ಕೈ ಹೆಗಲಿಂದ ಜಾರಿತು, ಮೇಡಂ ಪೆನ್ನು ತೆಗೆಯುತ್ತಾರೆ, ನಾನು ತಿರುಪಿನ ಮೇಲೆ ಬೆರಳಿಟ್ಟು ತಿರುಗಿಸುತ್ತೇನೆ, ಸಲೀಸಾಗಿ ಬರುತ್ತಿದೆ, ಹತ್ತು, ಏಳು, ನಾಲ್ಕು, ಸೊನ್ನೆ, ಇಷ್ಟೇ ಇಷ್ಟು ಬಲ, ಕಣ್ಣು ಮುಚ್ಚಿದರೆ ಕೆಂಪು ಮುಳ್ಳು, ಹನ್ನೆರಡರಲ್ಲಿ.