ಹನಿಯಾ ಹೂತಿಟ್ಟ ಗಡಿಗೆ

"ಈ ವರ್ಷ ತಂಜಿಯಾ ಇಲ್ಲ. ಮಾತು ಮುಗೀತು" ಎಂದು ಜಿಲಾಲಿ ಪರದೆಯ ಆಚೆಯಿಂದಲೇ ಹೇಳಿಬಿಟ್ಟ.

ಮರ್ರಾಕೆಶ್‌ನ ಆ ಓಣಿಯಲ್ಲಿ ಚಪ್ಪಲಿ ಹೊಲಿಯುವವರ ಪೈಕಿ ಅವನಷ್ಟು ಹದವಾಗಿ ತಂಜಿಯಾ ಮಾಡುವವರು ಇನ್ನೊಬ್ಬರಿರಲಿಲ್ಲ. ಎರಡು ಕಿವಿಯ ಮಣ್ಣಿನ ಗಡಿಗೆಗೆ ದನದ ಮಾಂಸ, ಮಸಾಲೆ ತುಂಬಿ, ಊರವರ ಸ್ನಾನದ ಮನೆಯಾದ ಹಮಾಮಿಗೆ ನೀರು ಕಾಯಿಸುವ ದೊಡ್ಡ ಒಲೆಯ ಬೂದಿಯಲ್ಲಿ ಹೂತು ಬರುವುದು ಗಂಡಸರ ಕೆಲಸ. ಹೆಂಗಸರು ಮನೆಯಲ್ಲಿ ಏನು ಬೇಕಾದರೂ ಬೇಯಿಸಲಿ, ಆ ಗಡಿಗೆಯ ತಂಟೆಗೆ ಬರುವಂತಿಲ್ಲ. ಜನವರಿಯ ಚಳಿಯಲ್ಲಿ ಒಂದು ಶುಕ್ರವಾರ ಸಂಜೆ ಮನೆಯವರೆಲ್ಲ ಜಿಲಾಲಿಯ ಗಡಿಗೆಯ ಸುತ್ತ ಕೂತು ಉಣ್ಣುವುದು ಹಿಂದಿನಿಂದ ನಡೆದುಬಂದಿತ್ತು.

ಆದರೆ ಬೇಸಿಗೆಯಲ್ಲಿ ಲಕ್ವ ಹೊಡೆದು ಅವನ ಬಲಗೈ ಜೋತುಬಿತ್ತು. ಎಡಗೈಯಲ್ಲಿ ಉಣ್ಣುವುದುಂಟೆ? ಅಂದಿನಿಂದ ಅವನು ಯಾರೆದುರೂ ಉಂಡವನಲ್ಲ. ಪರದೆಯ ಹಿಂದೆ ಹೆಂಡತಿ ತಾಮು ಚಮಚದಲ್ಲಿ ತಿನ್ನಿಸಬೇಕು. ಹೊರಗೆ ಹೆಜ್ಜೆ ಸಪ್ಪಳವಾದರೆ ತುಟಿ ಬಿಗಿದುಕೊಳ್ಳುವನು.

"ಅಂಗಡಿಯಿಂದ ತರಿಸ್ತೀನಿ ಬಿಡಪ್ಪ" ಎಂದ ಮಗ ಲರ್ಬಿ.

"ಅಂಗಡೀದಾ? ತಂದು ಬೀದಿ ಬೆಕ್ಕಿಗೆ ಹಾಕು."

"ನಾನು ಮಾಡ್ತೀನಿ" ಎಂದಳು ಮಗಳು ಹನಿಯಾ.

ಅವಳಿಗೆ ನಲವತ್ತಾಗಿತ್ತು. ಗಂಡನನ್ನು ಬಿಟ್ಟು ಬಂದು ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಕಟ್ಟುತ್ತ ತನ್ನ ಅನ್ನ ತಾನು ದುಡಿಯುತ್ತಿದ್ದಳು.

ಲರ್ಬಿ ನಕ್ಕ. "ಯಾಕಕ್ಕ, ಮೀಸೆ ಬಂತಾ?"

"ನಿನಗೆ ಬಂದು ಏನು ಮಹಾ ಆಯ್ತೋ? ಜೀರಿಗೆ ಯಾವ್ದು, ಸೋಂಪು ಯಾವ್ದು ಅಂತ ಇನ್ನೂ ಗೊತ್ತಿಲ್ಲ."

"ಹನಿಯಾ!" ಪರದೆ ಅಲುಗಿತು. "ಈ ಮನೇಲಿ ಗಂಡಸರು ಸತ್ತಿಲ್ಲ. ನೀನು ಗಡಿಗೆ ಹೊತ್ಕೊಂಡು ಬೀದೀಲಿ ಹೋದ್ರೆ ನಾನು ಒಂದು ತುತ್ತು ಮುಟ್ಟಲ್ಲ."

"ಮುಟ್ಟಬೇಡಿ. ಉಳಿದವರು ತಿಂತಾರೆ."

ಶುಕ್ರವಾರ ಬೆಳಗಿನ ನಸುಕಿಗೆ ಅವಳು ಅಪ್ಪನ ಗಡಿಗೆಯನ್ನು ಕೆಳಗಿಳಿಸಿದಳು. ದನದ ಹಿಂಗಾಲಿನ ತುಂಡುಗಳು, ಮಜ್ಜೆ ತುಂಬಿದ ಮೂಳೆ, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ, ಕೈತುಂಬ ಜೀರಿಗೆ, ಚಿಟಿಕೆ ಕೇಸರಿ, ಉಪ್ಪಿನಲ್ಲಿಟ್ಟ ನಿಂಬೆ, ಘಾಟು ಬಂದ ಹಳೆಯ ತುಪ್ಪ. ಬಾಯಿಗೆ ದಪ್ಪ ಕಾಗದ ಕಟ್ಟಿ, ಸೂಜಿಯಿಂದ ಚುಚ್ಚಿ, ಸೊಂಟಕ್ಕೇರಿಸಿ ಹೊರಟಳು. ತಾಮು ಬಾಗಿಲು ತೆರೆದು ಹಿಡಿದಳು.

ಒಲೆ ಇದ್ದದ್ದು ಹಮಾಮಿನ ನೆಲಮಾಳಿಗೆಯಲ್ಲಿ. ಮೆಟ್ಟಿಲ ಮೇಲೆ ಗಡಿಗೆ ಹಿಡಿದ ಏಳೆಂಟು ಗಂಡಸರು ನಿಂತಿದ್ದರು. ಒಬ್ಬ, "ಅಮ್ಮಾ, ಹೆಂಗಸರ ಸ್ನಾನದ ಬಾಗಿಲು ಆ ಕಡೆ" ಎಂದ. ಎಲ್ಲರೂ ನಕ್ಕರು.

"ನನ್ನ ಸ್ನಾನ ಆಗಿದೆ. ನಿಮ್ಮದಾಗಿಲ್ಲ ಅಂತ ಇಲ್ಲಿವರೆಗೂ ವಾಸನೆ ಬರ್ತಿದೆ" ಎಂದು ಅವಳು ಇಳಿದಳು.

ಒಲೆ ನೋಡಿಕೊಳ್ಳುವ ಮುದುಕ ಬ್ರೀಕ್ ಜಿಲಾಲಿಯ ಬಾಲ್ಯದ ಗೆಳೆಯ. ಅವಳನ್ನು ಕಂಡು ಕೈಯಲ್ಲಿದ್ದ ಸಲಿಕೆ ಕೆಳಗಿಟ್ಟ. "ಬೇಡ ಮಗಳೇ. ನಿನ್ನೆ ಲರ್ಬಿ ಬಂದು ಹೇಳಿ ಹೋಗಿದಾನೆ. ನಾನು ತಗೊಳ್ಳಲ್ಲ."

"ನೀವು ತಗೋಬೇಡಿ ಚಿಕ್ಕಪ್ಪ. ಸಲಿಕೆ ಕೊಡಿ, ಸಾಕು."

"ನಿಮ್ಮಪ್ಪ ನನ್ನ ಮುಖ ನೋಡಲ್ಲ."

"ಆರು ತಿಂಗಳಿಂದ ಅವರು ಯಾರ ಮುಖ ನೋಡಿದಾರೆ?"

ಬ್ರೀಕ್ ಸಲಿಕೆಯ ಮೇಲೆ ಕಾಲಿಟ್ಟು ನಿಂತ. ಅವಳು ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸೌದೆಯ ರಾಶಿಯ ಪಕ್ಕ, ನಡುದಾರಿಯಲ್ಲೇ ಕೂತುಬಿಟ್ಟಳು. ಬಂದವರೆಲ್ಲ ಅವಳನ್ನು ಸುತ್ತಿಬಳಸಿ ಹೋಗಬೇಕಾಯಿತು. ಗೊಣಗಿದರು, ಬೈದರು. ಅವಳು ಕದಲಲಿಲ್ಲ. ಕೊನೆಗೆ ಬ್ರೀಕ್ ಸಲಿಕೆಯನ್ನು ಅವಳತ್ತ ಕಾಲಿಂದ ತಳ್ಳಿ, "ನಾನೇನೂ ನೋಡಿಲ್ಲ" ಎಂದು ಗೋಡೆಯ ಕಡೆ ತಿರುಗಿ ನಿಂತ.

ಅವಳೇ ಬೂದಿ ತೋಡಿದಳು, ಅವಳೇ ಗಡಿಗೆಯನ್ನು ಕತ್ತಿನವರೆಗೆ ಹೂತಳು. ಮನೆಗೆ ಹೋಗಲಿಲ್ಲ. ಗಂಟೆಗೊಮ್ಮೆ ಗಡಿಗೆ ತಿರುಗಿಸುತ್ತ ಸಂಜೆಯವರೆಗೆ ಅಲ್ಲೇ ಕೂತಳು. ರೆಪ್ಪೆ ಸುಟ್ಟಂತಾಯಿತು, ಬೆನ್ನಿಗೆ ಮೆಟ್ಟಿಲಿನ ಚಳಿ ಹೊಡೆಯಿತು. ಜೀರಿಗೆ, ತುಪ್ಪದ ವಾಸನೆ ಏಳತೊಡಗಿದಾಗ ಬ್ರೀಕ್ ತಾನಾಗಿಯೇ ಈ ಕಡೆ ತಿರುಗಿದ.

ಕತ್ತಲಾಗುವ ಮುಂಚೆ ಮನೆಯಲ್ಲಿ ಗಡಿಗೆ ಬಗ್ಗಿಸಿದಳು. ಮಾಂಸ ಕೈ ಸೋಕುವ ಮೊದಲೇ ಮೂಳೆ ಬಿಟ್ಟು ಹರಿವಾಣಕ್ಕೆ ಜಾರಿತು. ಲರ್ಬಿ ಮುಖ ಗಂಟಿಕ್ಕಿಕೊಂಡೇ ರೊಟ್ಟಿ ಮುರಿದ. ಮೊದಲ ತುತ್ತಿನ ನಂತರ ಗಂಟು ಸಡಿಲಿತು, ಅಷ್ಟೆ.

ತಾಮು ಬಟ್ಟಲಿಗೆ ಒಂದಿಷ್ಟು ಹಾಕಿಕೊಂಡು ಪರದೆಯತ್ತ ಎದ್ದಳು.

"ಕೂತ್ಕೋ ಅಮ್ಮ" ಎಂದಳು ಹನಿಯಾ, ಓಣಿಗೆಲ್ಲ ಕೇಳುವ ಹಾಗೆ. "ಇವತ್ತು ಒಳಗೆ ಏನೂ ಹೋಗಲ್ಲ. ಬೇಕಾದವರು ಇಲ್ಲಿ ಬಂದು ತಿನ್ನಲಿ."

"ಅಕ್ಕ, ನಿನಗೆ ತಲೆ ಕೆಟ್ಟಿದೆ!" ಎಂದ ಲರ್ಬಿ. ತಾಮು ಬಟ್ಟಲು ಹಿಡಿದು ನಿಂತಲ್ಲೇ ನಿಂತಳು. ಹನಿಯಾ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪರದೆ ಸರಿಯಿತು. ಜಿಲಾಲಿ ಕಾಲೆಳೆಯುತ್ತ ಬಂದು, ಮಗನನ್ನು ಮೊಣಕಾಲಿನಿಂದ ಸರಿಸಿ ಕೂತ. ಯಾರ ಮುಖವನ್ನೂ ನೋಡದೆ ಎಡಗೈಯನ್ನು ಹರಿವಾಣಕ್ಕೆ ಹಾಕಿದ.

"ಅಪ್ಪ, ಎಡಗೈ..." ಲರ್ಬಿಯ ದನಿ ಅರ್ಧಕ್ಕೇ ನಿಂತಿತು.

"ಜೀವ ಇರೋದು ಇದೊಂದಕ್ಕೇ. ನೋಡೋಕೆ ಆಗದಿದ್ರೆ ಕಣ್ಣು ಮುಚ್ಕೋ."

ಎರಡು ತುತ್ತು, ಮೂರು ತುತ್ತು. ಗಡ್ಡಕ್ಕೆ ತುಪ್ಪ ಇಳಿಯಿತು. "ಕೇಸರಿ ಜಾಸ್ತಿಯಾಯ್ತು" ಎಂದ. ನಾಲ್ಕನೆಯ ತುತ್ತಿಗೆ ಕೈ ಹಾಕಿ, "ಬೂದಿ ಕೆದಕಿದ್ದು ಬ್ರೀಕ್ ತಾನೆ?" ಎಂದು ಕೇಳಿದ.

"ಅಲ್ಲ. ನಾನು."

ಜಿಲಾಲಿ ಮಜ್ಜೆಯ ಮೂಳೆಯನ್ನು ಎತ್ತಿ, ಎಡಗೈಯಲ್ಲೇ ಮಗಳ ಮುಂದಿಟ್ಟ. ಅದು ಆ ಮನೆಯಲ್ಲಿ ಹಿರಿಯ ಗಂಡಸಿನ ಪಾಲು. ಲರ್ಬಿ ಅದನ್ನೇ ದಿಟ್ಟಿಸಿದ.

ಹನಿಯಾ ಬೇಡ ಅನ್ನಲಿಲ್ಲ. ಮೂಳೆಯನ್ನು ಎತ್ತಿಕೊಂಡು ಸದ್ದು ಮಾಡಿ ಹೀರಿದಳು.